ಮಣ್ಣಿನಲ್ಲಿ ಸೋಲದ ಹಮೀದಾ ಬಾನು

ಜಾತ್ರೆ ಇರಲಿ, ಉರುಸು ಇರಲಿ, ಹಲಗೆ ಬಡಿದು ಕುಸ್ತಿ ಆಡಿಸುವುದು ನಮ್ಮ ಧಾರವಾಡ ಸೀಮೆಯ ಹಳೆಯ ರೂಢಿ. ಗರಡಿಮನೆಯ ಮಣ್ಣು ಗಂಡಸರದ್ದು ಎಂದು ಹೆಣ್ಣುಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಿದ್ದೂ ಅಷ್ಟೇ ಹಳೆಯದು. ಎಪ್ಪತ್ತು ವರ್ಷಗಳ ಹಿಂದೆಯೇ ಆ ಹೊಸ್ತಿಲು ದಾಟಿ, ಗಂಡು ಪೈಲ್ವಾನರನ್ನು ಚಿತ್ ಮಾಡಿದ ಮಹಿಳೆಯೊಬ್ಬರು ಇದ್ದರು. ಅವರೇ ಹಮೀದಾ ಬಾನು.

ಅವರು ಉತ್ತರ ಪ್ರದೇಶದ ಮಿರ್ಜಾಪುರದವರು. ಕುಸ್ತಿ ಕಲಿಯಲು ಅಲಿಗಢಕ್ಕೆ ಬಂದು ಸಲಾಂ ಪೈಲ್ವಾನ್ ಎಂಬ ಉಸ್ತಾದರ ಕೈಯಲ್ಲಿ ಪಳಗಿದರು. ಗ್ರೀಕ್ ಪುರಾಣದ ವೀರವನಿತೆಯರನ್ನು ನೆನೆದು ಪತ್ರಿಕೆಗಳು ಅವರನ್ನು ಅಲಿಗಢದ ಅಮೆಜಾನ್ ಎಂದು ಕರೆದವು. ಎತ್ತರ 5 ಅಡಿ 3 ಇಂಚು, ತೂಕ 108 ಕಿಲೊ. ದಿನಕ್ಕೆ ಐದೂವರೆ ಲೀಟರಿಗೂ ಹೆಚ್ಚು ಹಾಲು, ಆರು ಮೊಟ್ಟೆ, ಒಂದು ಕೋಳಿ, ಸುಮಾರು ಒಂದು ಕಿಲೊ ಕುರಿಮಾಂಸ, ಎರಡು ತಟ್ಟೆ ಬಿರಿಯಾನಿ ಅವರ ಊಟ ಎಂದು ಅಂದಿನ ಪತ್ರಿಕೆಗಳು ಬೆರಗಿನಿಂದ ಬರೆದವು. ಇದೇ ಪತ್ರಿಕೆಗಳ ಪ್ರಕಾರ ಒಂಬತ್ತು ತಾಸು ನಿದ್ದೆ, ಆರು ತಾಸು ತಾಲೀಮು ಅವರ ದಿನಚರಿಯಾಗಿತ್ತು.

1944ರಲ್ಲಿ ಮುಂಬಯಿಯಲ್ಲಿ ಗೂಂಗಾ ಪೈಲ್ವಾನನೊಂದಿಗೆ ಅವರ ಕುಸ್ತಿ ಗೊತ್ತಾಯಿತು. ನೋಡಲು ಸೇರಿದವರು ಸುಮಾರು 20,000 ಜನ. ಎದುರಾಳಿಯ ಬೇಡಿಕೆಗಳಿಂದಾಗಿ ಕೊನೆ ಗಳಿಗೆಯಲ್ಲಿ ಪಂದ್ಯ ರದ್ದಾದಾಗ ಜನ ಸಿಟ್ಟಿಗೆದ್ದು ಕ್ರೀಡಾಂಗಣವನ್ನೇ ಧ್ವಂಸ ಮಾಡಿದರು. ಹತ್ತು ವರ್ಷಗಳ ನಂತರ, 1954ರ ಫೆಬ್ರುವರಿಯಲ್ಲಿ ಹಮೀದಾ ಒಂದು ಸವಾಲು ಹಾಕಿದರು. ಕುಸ್ತಿಯಲ್ಲಿ ತನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂಬುದು ಆ ಸವಾಲು. ಪಟಿಯಾಲಾದ ಒಬ್ಬರು, ಕಲ್ಕತ್ತಾದ ಒಬ್ಬರು ಬಂದು ಸೋತರು. ಮೇ ತಿಂಗಳಲ್ಲಿ ಬರೋಡಾದಲ್ಲಿ ಛೋಟೆ ಗಾಮಾ ಎದುರಾಗಬೇಕಿತ್ತು. ಹೆಂಗಸಿನ ಜೊತೆ ಆಡಲಾರೆ ಎಂದು ಅವರು ಹಿಂದೆ ಸರಿದರು. ಅವರ ಬದಲಿಗೆ ಕಣಕ್ಕಿಳಿದ ಬಾಬಾ ಪೈಲ್ವಾನ್ ಒಂದು ನಿಮಿಷ 34 ಸೆಕೆಂಡಿನಲ್ಲಿ ನೆಲ ಕಂಡರು. ಆ ಹೊತ್ತಿಗೆ 320 ಪಂದ್ಯ ಗೆದ್ದಿದ್ದಾಗಿ ಹಮೀದಾ ಹೇಳಿಕೊಳ್ಳುತ್ತಿದ್ದರು.

ಈ ಗೆಲುವುಗಳನ್ನು ಎಲ್ಲರೂ ನಂಬಲಿಲ್ಲ. ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ ಎಂಬ ಗುಮಾನಿ ಇತ್ತು. ಒಂದು ಸಲ ಗಂಡು ಪೈಲ್ವಾನನನ್ನು ಕೆಡವಿದ್ದಕ್ಕೆ ಜನ ಕಲ್ಲು ತೂರಿದರು. ಪುಣೆಯಲ್ಲಿ ರಾಮಚಂದ್ರ ಸಾಳುಂಕೆ ಜೊತೆಗಿನ ಪಂದ್ಯ ಸ್ಥಳೀಯ ಕುಸ್ತಿ ಸಂಘದ ವಿರೋಧದಿಂದ ನಿಂತುಹೋಯಿತು. ಹಮೀದಾ ಸುಮ್ಮನಿರಲಿಲ್ಲ, ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೇ ದೂರು ಕೊಟ್ಟರು. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು, ಹಾಗಾಗಿ ಅವರು ನಮ್ಮ ಹಿರಿಯರಿಗೂ ಮುಖ್ಯಮಂತ್ರಿ. ಹೆಣ್ಣು ಎಂಬ ಕಾರಣಕ್ಕೆ ತಡೆದಿಲ್ಲ, ಸಂಘಟಕರು ಡಮ್ಮಿ ಎದುರಾಳಿಗಳನ್ನು ನಿಲ್ಲಿಸುತ್ತಾರೆಂಬ ದೂರಿದೆ ಎಂದು ದೇಸಾಯಿಯವರು ಉತ್ತರಿಸಿದರು.

ಅದೇ ವರ್ಷ ಮುಂಬಯಿಯಲ್ಲಿ ರಷ್ಯಾದ ಹೆಣ್ಣು ಕರಡಿ ಎಂದು ಹೆಸರಾಗಿದ್ದ ವೆರಾ ಚಿಸ್ಟಿಲಿನ್ ಅವರನ್ನು ಒಂದು ನಿಮಿಷದೊಳಗೆ ಸೋಲಿಸಿ, ಇನ್ನು ಯುರೋಪಿಗೆ ಹೋಗಿ ಆಡುತ್ತೇನೆ ಎಂದು ಹಮೀದಾ ಸಾರಿದರು. ಆದರೆ ಹೋಗಲಿಲ್ಲ. ಸ್ವಲ್ಪ ದಿನಗಳಲ್ಲೇ ಕುಸ್ತಿ ಸುದ್ದಿಗಳಿಂದ ಅವರ ಹೆಸರೇ ಮಾಯವಾಯಿತು. ಯುರೋಪಿಗೆ ಹೋಗುವುದು ಸಲಾಂ ಪೈಲ್ವಾನರಿಗೆ ಇಷ್ಟವಿರಲಿಲ್ಲ, ತಡೆಯಲು ಹೊಡೆದು ಕೈ ಮುರಿದರು ಎಂದು ಹಮೀದಾ ಅವರ ಮನೆಯವರು ಬಹಳ ವರ್ಷಗಳ ನಂತರ ಪತ್ರಕರ್ತರಿಗೆ ತಿಳಿಸಿದರು.

ಮುಂದಿನ ಬದುಕು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ. ದಿನಕ್ಕೆ ಲೀಟರುಗಟ್ಟಲೆ ಹಾಲು ಕುಡಿಯುತ್ತಿದ್ದವರು ಹಾಲು ಮಾರಿ ಜೀವನ ನಡೆಸಿದರು. ಕೈ ಖಾಲಿಯಾದಾಗ ಮನೆಯಲ್ಲಿ ಕರಿದ ತಿಂಡಿಯನ್ನು ರಸ್ತೆ ಬದಿಯಲ್ಲಿ ಮಾರಿದರು. 1986ರಲ್ಲಿ ತೀರಿಕೊಂಡಾಗ ಅವರನ್ನು ನೆನೆಯುವವರು ಕಡಿಮೆ. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗಲೇ ನಮ್ಮಲ್ಲಿ ಬಹಳ ಜನ ಆ ಹೆಸರು ಮೊದಲ ಸಲ ಕೇಳಿದ್ದು.

ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಆರಂಭವಾದದ್ದು 2004ರಲ್ಲಿ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಇಂದು ನಮ್ಮ ಪಕ್ಕದ ಗದಗ, ಹಳಿಯಾಳಗಳಲ್ಲಿ ಹುಡುಗಿಯರು ಕುಸ್ತಿ ಕಲಿಯುತ್ತಿದ್ದಾರೆ. ಹಮೀದಾ ಬಾನು ಅವರಿಗೆ ಶಕ್ತಿ ಇತ್ತು, ಧೈರ್ಯ ಇತ್ತು, ಟಿಕೆಟ್ ಕೊಂಡು ಬರುವ ಜನರೂ ಇದ್ದರು. ಇಲ್ಲದ್ದು ಒಂದೇ, ಹೋಗಿ ಬಾ ಎನ್ನುವ ಮನೆ. ಸ್ನೇಹಿತರೇ, ನಮ್ಮ ಅಕ್ಕತಂಗಿಯರು ಆಟಕ್ಕೋ ಓದಿಗೋ ದೂರದ ಊರಿಗೆ ಹೊರಟು ನಿಂತಾಗ ಆ ಒಂದು ಮಾತು ಹೇಳುವುದು ನಮ್ಮ ಕೈಯಲ್ಲಿದೆ.