ಉಳ್ಳಾಲ ಶ್ರೀನಿವಾಸ ಮಲ್ಯ

ಜನನಾಯಕರ ಹಿರಿಮೆಯನ್ನು ಅವರು ಏರಿದ ಪದವಿಯಿಂದ ಅಳೆಯುವುದು ಲೋಕರೂಢಿ. ಮಂತ್ರಿಗಳಾದವರನ್ನು ಜನ ಬಹುಕಾಲ ನೆನೆಯುತ್ತಾರೆ. ಆಗದವರನ್ನು ಬೇಗನೆ ಮರೆಯುತ್ತಾರೆ. ಆದರೆ ಯಾವ ಮಂತ್ರಿಪದವಿಯನ್ನೂ ಹೊಂದದೆ, ತಾವು ಹುಟ್ಟಿದ ಜಿಲ್ಲೆಯ ಭವಿಷ್ಯವನ್ನೇ ಬದಲಿಸಿದ ನಾಯಕರೊಬ್ಬರು ದಕ್ಷಿಣ ಕನ್ನಡದಲ್ಲಿ ಬಾಳಿದ್ದರು. ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು ಈ ಮೂರನ್ನೂ ಕಂಡವರು ಅವರ ಕೆಲಸವನ್ನು ಕಂಡಂತೆಯೇ ಸರಿ. ಅವರೇ ಉಳ್ಳಾಲ ಶ್ರೀನಿವಾಸ ಮಲ್ಯರು.

ಮಲ್ಯರು 1902ನೆಯ ಇಸವಿ ನವೆಂಬರ್ 21ರಂದು ಜನಿಸಿದರು. ಅವರ ತಂದೆ ಮಂಜುನಾಥ ಮಲ್ಯರು. ಅವರದು ಕೊಂಕಣಿ ಮನೆಮಾತಿನ ಗೌಡ ಸಾರಸ್ವತ ಮನೆತನ. ಶತಮಾನಗಳ ಹಿಂದೆ ಗೋವೆಯನ್ನು ಬಿಟ್ಟು ಕರಾವಳಿಯುದ್ದಕ್ಕೂ ನೆಲೆಸಿದ ಈ ಸಮುದಾಯದವರು ವ್ಯಾಪಾರದಿಂದ ಬದುಕು ಕಟ್ಟಿಕೊಂಡವರು. ವಿದ್ಯೆಯಿಲ್ಲದೆ ಏಳಿಗೆಯಿಲ್ಲವೆಂಬುದನ್ನು ಅವರು ಬೇಗನೆ ಮನಗಂಡರು. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲನ್ನೂ 1906ರಲ್ಲಿ ಮುಂದೆ ಕೆನರಾ ಬ್ಯಾಂಕ್ ಆಗಿ ಬೆಳೆದ ಸಂಸ್ಥೆಯನ್ನೂ ಸ್ಥಾಪಿಸಿದ್ದರು. ಶಾಲೆಯನ್ನೂ ಬ್ಯಾಂಕನ್ನೂ ಜನರು ತಾವೇ ಕಟ್ಟಿಕೊಳ್ಳಬಲ್ಲರೆಂಬ ಆತ್ಮವಿಶ್ವಾಸ ಅಂದಿನ ಮಂಗಳೂರಿನಲ್ಲಿ ಮೊಳೆತಿತ್ತು. ಬಾಲಕ ಶ್ರೀನಿವಾಸರು ಬೆಳೆದುದು ಅಂಥ ವಾತಾವರಣದಲ್ಲಿ.

ಅವರು ತಾರುಣ್ಯಕ್ಕೆ ಕಾಲಿರಿಸುವ ಹೊತ್ತಿಗೆ ದೇಶದಲ್ಲಿ ಹೊಸ ಗಾಳಿ ಬೀಸತೊಡಗಿತ್ತು. 1920ರಲ್ಲಿ ಗಾಂಧೀಜಿಯವರು ಅಸಹಕಾರ ಚಳವಳಿಗೆ ಕರೆಯಿತ್ತರು. ಅದೇ ವರ್ಷ ಅವರು ಮಂಗಳೂರಿಗೂ ಬಂದರು. ಅಲ್ಲಿ ಕಾರ್ನಾಡ ಸದಾಶಿವರಾಯರು ವಕೀಲವೃತ್ತಿಯನ್ನೂ ಸಂಪತ್ತನ್ನೂ ದೇಶಸೇವೆಗೆ ಧಾರೆಯೆರೆದು ತರುಣರಿಗೆ ಮೇಲ್ಪಂಕ್ತಿಯಾಗಿದ್ದರು. ಮಲ್ಯರು ಓದನ್ನು ನಿಲ್ಲಿಸಿ ಚಳವಳಿಗೆ ಧುಮುಕಿದರು. ಓದನ್ನು ಮುಂದುವರಿಸಿ ಸುಖದ ಬದುಕನ್ನು ಅರಸಬಹುದಾಗಿದ್ದ ತರುಣನಿಗೆ ಅದು ಸುಲಭದ ನಿರ್ಧಾರವಾಗಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರು ಕಾಂಗ್ರೆಸ್ಸಿನ ಸಂಘಟನೆಯಲ್ಲಿ ತೊಡಗಿದರು, ಸೆರೆವಾಸವನ್ನೂ ಅನುಭವಿಸಿದರು. ವೇದಿಕೆಯ ಮೇಲೆ ನಿಂತು ಜನರನ್ನು ಮರುಳುಗೊಳಿಸುವುದಕ್ಕಿಂತ, ಜನರನ್ನು ಒಗ್ಗೂಡಿಸಿ ಹಿಡಿದ ಕೆಲಸವನ್ನು ದಡ ಸೇರಿಸುವುದರಲ್ಲಿ ಅವರ ಶಕ್ತಿಯಿತ್ತು.

ಈ ಶಕ್ತಿಯೇ ಅವರನ್ನು ದಿಲ್ಲಿಗೆ ಕೊಂಡೊಯ್ದಿತು. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಅವರು ಮದರಾಸು ಪ್ರಾಂತದ ಸದಸ್ಯರಾಗಿದ್ದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಆ ಪ್ರಾಂತಕ್ಕೆ ಸೇರಿತ್ತು. ಮೊದಲನೆಯ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡ ಉತ್ತರ ಕ್ಷೇತ್ರದಿಂದಲೂ, 1957 ಮತ್ತು 1962ರಲ್ಲಿ ಉಡುಪಿ ಕ್ಷೇತ್ರದಿಂದಲೂ ಲೋಕಸಭೆಗೆ ಆಯ್ಕೆಯಾದರು. ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಪ್ರಧಾನ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರ ವಿಶ್ವಾಸಕ್ಕೆ ಪಾತ್ರರಾಗಿದ್ದರು. ಅಧಿಕಾರದ ಅಷ್ಟು ಸಮೀಪದಲ್ಲಿದ್ದೂ ಅವರು ಮಂತ್ರಿಯಾಗಲಿಲ್ಲ. ತಮಗೆ ದೊರೆತ ವಿಶ್ವಾಸವನ್ನೆಲ್ಲ ತಮ್ಮ ಜಿಲ್ಲೆಯ ಕೆಲಸಗಳಿಗಾಗಿ ಬಳಸಿದರು.

ಆ ಕೆಲಸಗಳ ಬೆಲೆಯನ್ನು ಅರಿಯಬೇಕಾದರೆ ಅಂದಿನ ಜಿಲ್ಲೆಯ ಸ್ಥಿತಿಯನ್ನು ನೆನಪಿಗೆ ತಂದುಕೊಳ್ಳಬೇಕು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ದುರ್ಗಮವಾದ ಘಟ್ಟ, ನಡುವೆ ಹತ್ತಾರು ಹೊಳೆಗಳು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತ್ತಾದರೂ ಅದು ಬಂದುದು ದಕ್ಷಿಣದಿಂದ, ಮಲಬಾರಿನ ಮಾರ್ಗವಾಗಿ. ಘಟ್ಟವನ್ನು ಹತ್ತಿ ಬೆಂಗಳೂರಿಗೆ ಹೋಗುವ ರೈಲು ಇರಲಿಲ್ಲ. ಕರಾವಳಿಯ ದಾರಿಯಲ್ಲಿ ಎಷ್ಟೋ ಹೊಳೆಗಳನ್ನು ಕಡವಿನ ದೋಣಿಯಲ್ಲೇ ದಾಟಬೇಕಾಗಿತ್ತು. ನೇತ್ರಾವತಿ ಹಾಗೂ ಗುರುಪುರ ಹೊಳೆಗಳು ಕಡಲನ್ನು ಸೇರುವೆಡೆಯ ಹಳೆಯ ಬಂದರಿನಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ದಡಕ್ಕೆ ಬಾರದೆ ದೂರದ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಮಳೆಗಾಲ ಬಂದಿತೆಂದರೆ ಕಡಲು ಕೆರಳಿ ಹಡಗಿನ ವ್ಯಾಪಾರ ನಿಂತೇ ಹೋಗುತ್ತಿತ್ತು. ಹೆಂಚು, ಕಾಫಿ, ಗೋಡಂಬಿಗಳನ್ನು ಹೊರನಾಡುಗಳಿಗೆ ಕಳುಹಿಸುತ್ತಿದ್ದ ಊರಿಗೆ ಇದೊಂದು ದೊಡ್ಡ ಕೊರತೆ. ಜನರಲ್ಲಿ ದುಡಿಮೆಯಿತ್ತು, ವಿದ್ಯೆಯಿತ್ತು; ಹೊರಲೋಕವನ್ನು ಸೇರುವ ದಾರಿಯಿರಲಿಲ್ಲ. ದಾರಿಯನ್ನು ತೆರೆಯುವುದೇ ಮಲ್ಯರ ಜೀವಿತದ ಕೆಲಸವಾಯಿತು.

ಮೊದಲು ತೆರೆದುದು ಆಕಾಶದ ದಾರಿ. ಮಂಗಳೂರಿನ ಸುತ್ತ ವಿಮಾನ ಇಳಿಯಬಲ್ಲ ಸಮತಟ್ಟಾದ ನೆಲ ವಿರಳ. ತಗ್ಗಿನಲ್ಲಿ ಗದ್ದೆ, ತೋಟ, ಹೊಳೆಗಳು. ಆದರೆ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಹಲವಕ್ಕೆ ಮೇಜಿನಂತೆ ಮಟ್ಟಸವಾದ ನೆತ್ತಿಯಿರುತ್ತದೆ. ಪಟ್ಟಣದ ಈಶಾನ್ಯಕ್ಕಿರುವ ಬಜಪೆಯ ಗುಡ್ಡದ ನೆತ್ತಿಯ ಮೇಲೆ ವಿಮಾನ ನಿಲ್ದಾಣವನ್ನು ನಿರ್ಮಿಸಲಾಯಿತು. 1951ನೆಯ ಇಸವಿ ಡಿಸೆಂಬರ್ 25ರಂದು ನೆಹರೂ ಅವರನ್ನು ಹೊತ್ತ ಡಕೋಟ ವಿಮಾನವು ಅಲ್ಲಿ ಇಳಿಯಿತು. ಇದರ ಹಿಂದೆ ಮಲ್ಯರ ಎಡೆಬಿಡದ ಪ್ರಯತ್ನವಿತ್ತು. ಹಳೆಯ ಓಡುದಾರಿಯ ಉದ್ದ 1,615 ಮೀಟರು ಮಾತ್ರ. 2006ರಲ್ಲಿ 2,450 ಮೀಟರು ಉದ್ದದ ಎರಡನೆಯ ಓಡುದಾರಿ ಸಿದ್ಧವಾದ ಮೇಲೆ ದೊಡ್ಡ ವಿಮಾನಗಳೂ ಅಲ್ಲಿಗೆ ಬರುವಂತಾಯಿತು.

ಎರಡನೆಯದು ವಿದ್ಯೆಯ ದಾರಿ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರವೂ ರಾಜ್ಯಗಳೂ ಕೂಡಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳನ್ನು ಸ್ಥಾಪಿಸಲು ತೊಡಗಿದುವು. ಅವುಗಳಲ್ಲೊಂದು ತಮ್ಮ ಜಿಲ್ಲೆಗೆ ಬರಬೇಕೆಂದು ಮಲ್ಯರು ಶ್ರಮಿಸಿದರು. 1956ರ ನವೆಂಬರ್ 1ರಂದು, ಕಾಸರಗೋಡನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೊಸ ರಾಜ್ಯದ ಅಂಚಿನಲ್ಲಿದ್ದ ಜಿಲ್ಲೆಗೆ ಅಂಥದೊಂದು ಸಂಸ್ಥೆಯನ್ನು ತರುವುದು ಸಣ್ಣ ಮಾತಲ್ಲ. 1960ರ ಆಗಸ್ಟ್ 6ರಂದು ಸುರತ್ಕಲ್ಲಿನ ಕಡಲದಂಡೆಯಲ್ಲಿ ಆ ಕಾಲೇಜು ಆರಂಭವಾಯಿತು. 2002ರಿಂದ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದೆ.

ಮೂರನೆಯದು ಕಡಲಿನ ದಾರಿ. ಇದು ಎಲ್ಲಕ್ಕಿಂತ ದೊಡ್ಡದು, ಕಷ್ಟದ್ದು. ಮಳೆಗಾಲದಲ್ಲೂ ಹಡಗುಗಳು ನಿಲ್ಲಬಲ್ಲ ಸರ್ವಋತು ಬಂದರು ಬೇಕೆಂಬುದು ಕರಾವಳಿಯ ಹಿರಿಯಾಸೆಯಾಗಿತ್ತು. ಅದಕ್ಕಾಗಿ ಮಂಗಳೂರಿನ ಉತ್ತರಕ್ಕಿರುವ ಪಣಂಬೂರನ್ನು ಆರಿಸಲಾಯಿತು. ಅಲ್ಲಿ ಪ್ರಕೃತಿ ಕೊಟ್ಟ ಕೊಲ್ಲಿಯಿರಲಿಲ್ಲ. ದಡದ ನೆಲವನ್ನೇ ಆಳವಾಗಿ ಅಗೆದು ನೀರು ತುಂಬಿಸಿ, ಬಾಗಿಲಿನ ಇಕ್ಕೆಲಗಳಲ್ಲಿ ಅಲೆತಡೆಗಳನ್ನು ಕಟ್ಟಬೇಕಾಗಿತ್ತು. ಆ ನೆಲ ಬರಿದಾಗಿರಲಿಲ್ಲ. ತಲೆತಲಾಂತರದಿಂದ ಅಲ್ಲಿ ಬಾಳಿದ್ದ ಕುಟುಂಬಗಳು ಮನೆಮಠಗಳನ್ನೂ ಗದ್ದೆತೋಟಗಳನ್ನೂ ಬಿಟ್ಟು, ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಬದುಕನ್ನು ಕಟ್ಟಿಕೊಳ್ಳಬೇಕಾಯಿತು. ಬಂದರನ್ನು ಬಣ್ಣಿಸುವಾಗ ನಾವು ಎಂಜಿನಿಯರುಗಳನ್ನು ನೆನೆಯುತ್ತೇವೆ, ನಾಯಕರನ್ನು ಹೊಗಳುತ್ತೇವೆ. ನೆಲ ಬಿಟ್ಟುಕೊಟ್ಟ ಆ ಮನೆಗಳ ತ್ಯಾಗವನ್ನು ನೆನೆಯದಿದ್ದರೆ ಲೆಕ್ಕ ಪೂರ್ತಿಯಾಗದು. ಬಹುಜನರ ಹಿತಕ್ಕಾಗಿ ಕೆಲವರು ಹೊತ್ತ ನೋವಿನ ಋಣವು ಆ ಹಿತವನ್ನು ಉಣ್ಣುವವರೆಲ್ಲರ ಮೇಲೂ ಇರುತ್ತದೆ.

ಬಂದರಿನಲ್ಲಿ ಹಡಗು ನಿಲ್ಲುವುದನ್ನು ಕಾಣುವ ಭಾಗ್ಯ ಮಲ್ಯರಿಗೆ ದೊರೆಯಲಿಲ್ಲ. 1965ರ ಡಿಸೆಂಬರ್ 19ರಂದು, ಲೋಕಸಭಾ ಸದಸ್ಯರಾಗಿದ್ದಾಗಲೇ, ಅರುವತ್ತಮೂರರ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಆದರೆ ಅವರು ತೊಡಗಿಸಿದ ಕೆಲಸ ನಿಲ್ಲಲಿಲ್ಲ. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. 1979ರಲ್ಲಿ ಘಟ್ಟವನ್ನು ಕೊರೆದು ಬಂದ ಹಾಸನ-ಮಂಗಳೂರು ರೈಲುಮಾರ್ಗವೂ ಪೂರ್ಣವಾಯಿತು. ಹೀಗೆ ಕಡಲೂ ಘಟ್ಟವೂ ಒಂದನ್ನೊಂದು ಸೇರಿದುವು.

ಮಲ್ಯರ ಮನಸ್ಸು ಬಂದರು, ಕಾಲೇಜುಗಳಿಗಷ್ಟೇ ಸೀಮಿತವಾಗಿರಲಿಲ್ಲ. ಮಂಗಳೂರಿನಲ್ಲೇ ಹುಟ್ಟಿ, ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಬಾಳನ್ನು ಮೀಸಲಿಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರು ಅವರ ಸಮವಯಸ್ಕರು, ಸಹಕಾರ್ಯಕರ್ತರು. ಮಲ್ಯರ ನಿಧನಾನಂತರ ಕಮಲಾದೇವಿಯವರು ದಿಲ್ಲಿಯಲ್ಲಿ ರಂಗಭೂಮಿಯ ಕರಕುಶಲ ವಸ್ತುಗಳ ಸಂಗ್ರಹಾಲಯವೊಂದನ್ನು ಅವರ ಹೆಸರಿನಲ್ಲಿ ಸ್ಥಾಪಿಸಿದರು. ಸುರತ್ಕಲ್ಲಿನ ಕಾಲೇಜಿನ ನೆಲೆಗೂ ಶ್ರೀನಿವಾಸನಗರವೆಂದೇ ಹೆಸರು.

ಮಲ್ಯರು ಮಾಡಿದ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರ ದೂರದೃಷ್ಟಿ ಅರಿವಾಗುತ್ತದೆ. ಬಂದರಿದ್ದರೆ ಸಾಲದು, ಅದಕ್ಕೆ ರಸ್ತೆ, ರೈಲು ಬೇಕು. ಅವುಗಳನ್ನು ಕಟ್ಟಿ ನಡೆಸಲು ಕಲಿತವರು ಬೇಕು. ಕಲಿತವರಿಗೆ ಉದ್ಯೋಗ ಬೇಕು. ಒಂದರ ಬೆನ್ನಿಗೆ ಇನ್ನೊಂದು ನಿಲ್ಲುವಂತೆ ಇವನ್ನೆಲ್ಲ ಒಂದೇ ಜೀವಿತದಲ್ಲಿ ಅವರು ನೆನೆದರು. ಫಲ ತಮ್ಮ ಕಾಲಕ್ಕೆ ಕೈಗೂಡುವುದೋ ಇಲ್ಲವೋ ಎಂದು ಅನುಮಾನಿಸುತ್ತ ಕುಳಿತಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ. ತೆಂಗಿನ ಸಸಿ ನೆಡುವ ರೈತ ಮೊಮ್ಮಕ್ಕಳು ಎಳನೀರು ಕುಡಿಯಲೆಂದು ನೆಡುತ್ತಾನೆ. ಸಾರ್ವಜನಿಕ ಜೀವನದಲ್ಲಿ ಅಂಥ ರೈತನಂತೆ ದುಡಿದವರು ಶ್ರೀನಿವಾಸ ಮಲ್ಯರು.