ಗಲ್ಲೆಯಿಂದ ಗುರುಪೀಠಕ್ಕೆ: ವಿಲ್‌ಹೆಲ್ಮ್ ಹೋಫ್‌ಮೈಸ್ಟರ್

ವಿದ್ಯಾರ್ಥಿಯಾಗಿ ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ವರ್ತಕರೊಬ್ಬರು 1863ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅವರೇ ವಿಲ್‌ಹೆಲ್ಮ್ ಹೋಫ್‌ಮೈಸ್ಟರ್.

ಇವರ ಜನನ 1824ರ ಮೇ 18ರಂದು, ಲೈಪ್‌ಜಿಗ್ ನಗರದಲ್ಲಿ. ತಂದೆ ಸಂಗೀತದ ಪುಸ್ತಕಗಳನ್ನು ಅಚ್ಚುಹಾಕಿ ಮಾರುತ್ತಿದ್ದವರು. ಸಸ್ಯಸಂಗ್ರಹದ ಹವ್ಯಾಸವೂ ಅವರಿಗಿತ್ತು. ಮಗನು ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು, ಹ್ಯಾಂಬರ್ಗಿನ ಅಂಗಡಿಯೊಂದರಲ್ಲಿ ಎರಡು ವರ್ಷ ಕೆಲಸ ಕಲಿತು, 1841ರಲ್ಲಿ ತಂದೆಯ ವ್ಯಾಪಾರಕ್ಕೆ ಸೇರಿದನು. ಹಗಲೆಲ್ಲ ವ್ಯಾಪಾರದ ಗೊಡವೆ. ಆದುದರಿಂದ ಬೆಳಗಿನ ಜಾವ ನಾಲ್ಕಕ್ಕೆದ್ದು ಆರರವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂರುವ ರೂಢಿಯಾಯಿತು. ನಸುಕಿನಲ್ಲೇ ಒಲೆ ಹೊತ್ತಿಸುವ ನಮ್ಮ ವಾಚಕರಿಗೆ ಆ ಹೊತ್ತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರದ ವಸ್ತುಗಳು ಅವರ ಕಣ್ಣಿಗೆ ತೀರ ಮಸುಕು. ಹತ್ತಿರದ ಸಣ್ಣ ವಸ್ತುಗಳನ್ನು ಸೀಳಿ ನೋಡುವಲ್ಲಿ ಆ ಕೊರತೆಯೇ ಅನುಕೂಲವಾಗಿ ಪರಿಣಮಿಸಿತು!

ಇಪ್ಪತ್ತೇಳನೆಯ ವಯಸ್ಸಿನಲ್ಲಿ, 1851ರಲ್ಲಿ, ಅವರ ಮಹಾಗ್ರಂಥ ಹೊರಬಂದಿತು. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯಿಂದ ಉದುರುವ ಧೂಳೇ ಅದರ ಸಂತಾನಮೂಲ. ಆದರೆ ಆ ಧೂಳಿನಿಂದ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ ಹಸುರು ಬಿಲ್ಲೆಯೊಂದು ಬೆಳೆಯುತ್ತದೆ. ಗಂಡು ಹೆಣ್ಣು ಕಣಗಳು ಕೂಡುವುದು ಅದರಲ್ಲಿ. ಕೂಡಿದ ಮೇಲೆ ಮರಳಿ ಜರೀಗಿಡ. ಹೀಗೆ ಎರಡು ತಲೆಮಾರುಗಳು ಒಂದಾದ ಮೇಲೊಂದರಂತೆ ಬರುತ್ತವೆ. ಹಾವಸೆಯಿಂದ ಪೈನ್ ಮರದವರೆಗೆ ಇದೊಂದೇ ನಿಯಮವೆಂದು ಹೋಫ್‌ಮೈಸ್ಟರ್ ತೋರಿಸಿಕೊಟ್ಟರು. ಡಾರ್ವಿನ್ನರ ಪ್ರಸಿದ್ಧ ಗ್ರಂಥ ಬಂದುದು ಇದಾದ ಎಂಟು ವರ್ಷಗಳ ಮೇಲೆ. ರೋಸ್ಟಾಕ್ ವಿಶ್ವವಿದ್ಯಾಲಯವು ಅದೇ ವರ್ಷ ಅಂಗಡಿಯ ಈ ಯುವಕನಿಗೆ ಗೌರವ ಡಾಕ್ಟರೇಟ್ ನೀಡಿತು.

ಹಠಮಾರಿ ಜರೀಗಿಡವೊಂದಿತ್ತು: ಮೂನ್‌ವರ್ಟ್. ಯೂರೋಪಿನ ಹುಲ್ಲುಗಾವಲಿನಲ್ಲಿ ಗೇಣುದ್ದ ಬೆಳೆಯುವ ಇದರ ಎಲೆಯ ದಳಗಳು ಅರ್ಧಚಂದ್ರಾಕಾರ. ಇದನ್ನು ತುಳಿದ ಕುದುರೆಯ ಲಾಳ ಕಳಚುವುದೆಂದೂ, ಇದು ಬೀಗವನ್ನೂ ತೆರೆಯುವುದೆಂದೂ ಅಲ್ಲಿನ ಜನ ನಂಬಿದ್ದರು. ಮಳೆಗಾಲದಲ್ಲಿ ನಮ್ಮ ಘಟ್ಟದ ಮುರಕಲ್ಲಿನ ಬಯಲುಗಳಲ್ಲಿ ಏಳುವ, ಹಾವಿನ ನಾಲಗೆಯಂತಹ ಜರೀಗಿಡವೂ ಇದರ ಬಂಧುವೇ. ಮೂನ್‌ವರ್ಟಿನ ಮೊದಲ ತಲೆಮಾರು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಬೀಳುವುದಾದರೂ ಹೇಗೆ? ಅದು ಹಸುರಿಲ್ಲದ, ಕೆಲವೇ ಮಿಲಿಮೀಟರಿನ ಪುಟ್ಟ ಗೆಡ್ಡೆ. ಶಿಲೀಂಧ್ರದ ಆಸರೆಯಲ್ಲಿ ಮಣ್ಣೊಳಗಿನ ಕತ್ತಲಲ್ಲೇ ಅದರ ಬಾಳು. ಅದನ್ನೂ ಹುಡುಕಿ ತೆಗೆದು ವರ್ಣಿಸಿದವರು ಹೋಫ್‌ಮೈಸ್ಟರರೇ.

1872ರಲ್ಲಿ ಅವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಷ್ಟರಲ್ಲಿ ಪತ್ನಿ ತೀರಿಕೊಂಡಿದ್ದರು. ಹಲವು ಮಕ್ಕಳೂ ಅವರ ಕಣ್ಣೆದುರಿನಲ್ಲೇ ಅಗಲಿದರು. ಪಾರ್ಶ್ವವಾಯು ಬಡಿಯಿತು. 1877ರ ಜನವರಿ 12ರಂದು, ಲೈಪ್‌ಜಿಗ್ ಬಳಿಯ ಲಿಂಡೆನಾವಿನಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು.