ಆಗದ್ದನ್ನೂ ಬರೆದಿಟ್ಟ ಮೈಕೆಲ್ ಫ್ಯಾರಡೆ

ಹತ್ತನೇ ತರಗತಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗಲೆಲ್ಲ ನಾನು ಮೊದಲು ಹೇಳುವುದು ಮೈಕೆಲ್ ಫ್ಯಾರಡೆಯವರ ಬದುಕನ್ನು. ಸುವರ್ಣ ಮಹೋತ್ಸವದ ಈ ಸಂಚಿಕೆಗೂ ಅದನ್ನೇ ಆರಿಸಿಕೊಂಡಿದ್ದೇನೆ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಬಳಿ, ಬಡ ಕಮ್ಮಾರನ ಮಗನಾಗಿ. ಓದು, ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟಕ್ಕೆ ಶಾಲೆ ಮುಗಿಯಿತು. 14ನೇ ವಯಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಸೇರಿದರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡರು.

ವಿಜ್ಞಾನದ ಕೆಲಸ ಬೇಡಿ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಾಗದ ಬರೆದರು, ಉತ್ತರ ಬರಲಿಲ್ಲ. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ತಾವೇ ರಟ್ಟು ಕಟ್ಟಿ ಅವರಿಗೆ ಕಳಿಸಿದರು. ಕೆಲಸ ಖಾಲಿಯಿಲ್ಲ ಎಂಬ ಮಾತು ಬಂತು. ಮರುವರ್ಷ ಜಾಗ ತೆರವಾದಾಗ ಡೇವಿಯವರೇ ಕರೆದು ಸಹಾಯಕನಾಗಿ ಇಟ್ಟುಕೊಂಡರು.

ಕಾಂತದಿಂದ ವಿದ್ಯುತ್ತು ಹುಟ್ಟೀತೇ ಎಂಬುದು ಮುಂದೆ ಅವರನ್ನು ಕಾಡಿದ ಪ್ರಶ್ನೆ. 1825ರಲ್ಲಿ ಒಂದು ತಂತಿಯಲ್ಲಿ ವಿದ್ಯುತ್ತು ಹರಿಸಿ ಪಕ್ಕದ ತಂತಿಯನ್ನು ಪರೀಕ್ಷಿಸಿದರು. ಏನೂ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನೂ ದಿನಚರಿಯಲ್ಲಿ ಬರೆದಿಟ್ಟರು. ಆರು ವರ್ಷದ ನಂತರ, 1831ರ ಆಗಸ್ಟ್ 29ರಂದು, ಕಬ್ಬಿಣದ ಬಳೆಯ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿ ನೋಡಿದರು. ಒಂದು ತಂತಿಗೆ ಬ್ಯಾಟರಿ ಜೋಡಿಸಿದ ಕ್ಷಣ, ಬಿಡಿಸಿದ ಕ್ಷಣ ಮಾತ್ರ ಇನ್ನೊಂದರ ಬಳಿಯಿದ್ದ ಸೂಜಿ ಅಲುಗಿತು. ವಿದ್ಯುತ್ತು ಒಂದೇ ಸಮನೆ ಹರಿಯುವಾಗ ಅಲ್ಲ, ಅದು ಬದಲಾಗುವಾಗ ಪ್ರೇರಣೆ ಆಗುತ್ತದೆ ಎಂಬುದು ತಿಳಿಯಿತು. ನಮ್ಮೂರಿನ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಇದೇ ತತ್ತ್ವದಿಂದ.

ಹೆಸರು ಬಂದ ಮೇಲೂ ಎಲ್ಲವೂ ಕೈಗೂಡಲಿಲ್ಲ. ಗುರುತ್ವಕ್ಕೂ ವಿದ್ಯುತ್ತಿಗೂ ನಂಟಿದೆಯೇ ಎಂದು 1849ರಲ್ಲಿ ಹುಡುಕಿದರು, ಸಿಗಲಿಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. 1867ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ಪ್ರಯೋಗದ ದಿನಚರಿಯಲ್ಲಿ ಕ್ರಮಸಂಖ್ಯೆ ಹಾಕಿದ ಟಿಪ್ಪಣಿಗಳೇ 16 ಸಾವಿರ ದಾಟಿದ್ದವು.

ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದ ಮಕ್ಕಳಲ್ಲಿ ಕೆಲವರು ಮತ್ತೆ ಶಾಲೆಯ ಕಡೆ ಸುಳಿಯುವುದಿಲ್ಲ. ಓದು ಅವರ ಹಣೆಯಲ್ಲಿ ಬರೆದಿಲ್ಲವೆಂದು ಮನೆಯವರೂ ಸುಮ್ಮನಾಗುತ್ತಾರೆ. ಹೆತ್ತವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ: ಅಂಥ ಮಗುವನ್ನು ಶಾಲೆಗೆ ಕರೆತನ್ನಿ. ಯಾವ ಲೆಕ್ಕ ಎಲ್ಲಿ ತಪ್ಪಿತೆಂದು ಮಗುವಿನೊಡನೆ ಕೂತು ಬರೆದು ನೋಡೋಣ, ಕಲಿಯುವ ದಾರಿ ಬದಲಿಸೋಣ, ಮತ್ತೆ ಪರೀಕ್ಷೆಗೆ ಕೂರಿಸೋಣ.